ನಾಲ್ಕನೆಯ ಸೆನ್ಸರಿನ ಎಂಬತ್ತೈದು

ಬಬ್ಬೂರು, ಹಿರಿಯೂರು ತಾಲ್ಲೂಕು
4 ಫೆಬ್ರವರಿ 2025

ಚಿ. ಸೌ. ಮೇಘಶ್ರೀಗೆ,

ನಿನ್ನ ಮಾವ ಓಬಳೇಶಪ್ಪ ಬರೆಯುತ್ತಿದ್ದೇನೆ. ಕೈಬರಹ ನೋಡಿ ಕಾಗದವನ್ನು ಮಡಿಸಿ ಇಟ್ಟುಬಿಡಬೇಡ ತಾಯಿ, ಕೊನೆಯವರೆಗೂ ಓದು. ಚಳಿಗಾಲಕ್ಕೆ ಬರುವ ನಿನ್ನ ಒಣಕೆಮ್ಮು ಹೇಗಿದೆ? ನಿನ್ನ ತವರು ಶ್ರೀರಾಂಪುರದಲ್ಲಿ ನಮಗಿಂತ ಗಾಳಿ ಹೆಚ್ಚು, ಬೆಳಿಗ್ಗೆ ತಲೆಗೆ ಏನಾದರೂ ಸುತ್ತಿಕೊಂಡೇ ಹೊರಗೆ ಬಾ. ನಿಮ್ಮ ತಂದೆಯವರ ಮಂಡಿನೋವು ಕಡಿಮೆಯಾಯಿತೇ? ಇಲ್ಲಿ ನಿನ್ನ ಅತ್ತೆ ದುರುಗಕ್ಕನಿಗೆ ಬಿಪಿ ಸ್ವಲ್ಪ ಏರಿತ್ತು, ಮಾತ್ರೆ ಬದಲಿಸಿದ ಮೇಲೆ ಪರವಾಗಿಲ್ಲ. ನನ್ನ ಮೇಲಿನ ಸಿಟ್ಟಿಗೆ ಉಪ್ಪು ಬಿಟ್ಟಿದ್ದಾಳೆ. ಸಾರಿಗೂ ಹಾಕುವುದಿಲ್ಲ, ನಾನೂ ಸಪ್ಪೆ ಊಟ ಮಾಡುತ್ತಿದ್ದೇನೆ. ಪ್ರದೀಪ ಬೆಳಿಗ್ಗೆ ಎದ್ದು ಖಾಲಿ ಶೆಡ್ಡಿಗೆ ಹೋಗಿ ಕೂತುಬರುತ್ತಾನೆ. ಏನು ಮಾಡುತ್ತೀಯೆಂದು ಕೇಳಿದರೆ ಗುಡಿಸುತ್ತಿದ್ದೆ ಎನ್ನುತ್ತಾನೆ. ಗುಡಿಸಲು ಅಲ್ಲಿ ಏನೂ ಉಳಿದಿಲ್ಲ.

ಫೋನಿನಲ್ಲಿ ಹೇಳೋಣವೆಂದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ಇಷ್ಟನ್ನು ಬಾಯಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಬಸ್ಸುಗಳನ್ನು ಹತ್ತಿ ಟಿಕೆಟ್ ಚೆಕ್ ಮಾಡಿದವನು ನಾನು. ಸಿಕ್ಕಿಬಿದ್ದವರ ಬಗ್ಗೆ ವರದಿ ಬರೆಯುವುದು ಮಾತ್ರ ನನಗೆ ಗೊತ್ತು. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿಂದ ಕ್ರಮವಾಗಿ ಬರೆಯುತ್ತೇನೆ, ಬೇಸರಪಡಬೇಡ. ನಡುವೆ ಬಿಟ್ಟರೆ ನಾನು ನನಗೆ ಬೇಕಾದ ಕಡೆಗೆ ಜಾರಿಕೊಳ್ಳುತ್ತೇನೆ.

ನೀನೂ ಪ್ರದೀಪನೂ ಕೋಳಿಮರಿ ಶೆಡ್ಡು ಹಾಕುತ್ತೇವೆಂದಾಗಲೇ ನನಗೆ ಅನುಮಾನವಿತ್ತು. ಒಂದು ದಿನದ ನಾಟಿ ಮರಿಗಳನ್ನು ತಂದು, ನಾಲ್ಕು ವಾರ ಬೆಚ್ಚಗೆ ಸಾಕಿ, ಸುತ್ತಲಿನ ಹಳ್ಳಿಯವರಿಗೆ ಕೊಡುವುದು ಎಂದಿರಿ. ಬೆಚ್ಚಗಿಡುವುದಕ್ಕೆ ನೀನು ಆ ಡಬ್ಬಿ ಮಾಡಿದೆ. ಶೆಡ್ಡಿನ ನಾಲ್ಕು ಮೂಲೆಗೆ ಕಬ್ಬಿಣದ ತೊಟ್ಟಿನಂಥ ನಾಲ್ಕು ಸೆನ್ಸರು, ಎಲ್ಲದಕ್ಕೂ ಹೊಂದಿಕೊಂಡಂತೆ ಒಂದೇ ಕೇಬಲ್ಲು, ಕೇಬಲ್ಲಿನ ಕೊನೆಗೆ ಡಬ್ಬಿ. ನಾಲ್ಕರ ಸರಾಸರಿ ಮೂವತ್ತಮೂರು ಡಿಗ್ರಿ ದಾಟಿದರೆ ಕೆಂಪು ಬಲ್ಬುಗಳು ಆರಬೇಕು, ಇಳಿದರೆ ಹತ್ತಬೇಕು. ನಾನು ಹಗಲೆಲ್ಲ ಅದರ ಹಿಂದೆ ತಿರುಗಿ ತಪ್ಪು ಹುಡುಕಿದೆ. ನಾಲ್ಕು ಜನ ಒಂದೇ ತಂತಿಯಲ್ಲಿ ಮಾತಾಡಿದರೆ ಯಾರ ಮಾತು ಯಾರದೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ನೀನು ಬೂಸಾ ಚೀಲದ ಮೇಲೆ ಕೂತು ಒಂದು ಗಂಟೆ ವಿವರಿಸಿದ್ದೆ. ಅವತ್ತು ನಾನು ತಲೆಯಾಡಿಸಿದೆನೇ ಹೊರತು ಕೇಳಿಸಿಕೊಳ್ಳಲಿಲ್ಲ. ನೀನು ಎಲ್ಲಿ ತಡವರಿಸುತ್ತೀಯೆಂದು ಮುಖ ನೋಡುತ್ತಿದ್ದೆ. ಈಗ ಮೂರು ವಾರದಿಂದ ನಿನ್ನ ನೋಟ್‌ಬುಕ್ ಓದಿ ಓದಿ ನೀನು ಹೇಳಿದ ಒಂದೊಂದು ಮಾತೂ ಕಿವಿಗೆ ಬರುತ್ತಿದೆ.

ತಂತಿಯನ್ನು ಒಂದು ಸಣ್ಣ ರೆಸಿಸ್ಟರು ಯಾವಾಗಲೂ ಮೇಲೆ ಎತ್ತಿಹಿಡಿದಿರುತ್ತದೆ, ಅದನ್ನು ಕೆಳಗೆ ಎಳೆಯುವುದಷ್ಟೇ ಉಳಿದವರ ಕೆಲಸ ಎಂದಿದ್ದೆ. ಮೊದಲು ಡಬ್ಬಿ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಅರ್ಧದಷ್ಟು ಹೊತ್ತು ತಂತಿಯನ್ನು ಕೆಳಗೆ ಎಳೆದು ಬಿಡುತ್ತದೆ. ಅಂದರೆ ಯಾರಾದರೂ ಇದ್ದೀರಾ ಎಂದು ಕೇಳಿದಂತೆ. ಇರುವವರೆಲ್ಲ ಅದಕ್ಕಿಂತ ಚಿಕ್ಕದಾಗಿ ಎಳೆದು ಇದ್ದೇವೆ ಎನ್ನುತ್ತಾರೆ. ಆಮೇಲೆ ಡಬ್ಬಿ ಒಬ್ಬರ ನಂಬರು ಹೇಳುತ್ತದೆ. ಫ್ಯಾಕ್ಟರಿಯಲ್ಲೇ ಬರೆದುಬಿಟ್ಟ ನಂಬರು, 28ರಿಂದ ಶುರುವಾಗುವ ಹದಿನಾರು ಅಕ್ಷರ, ಒಂದರಂತೆ ಇನ್ನೊಂದು ಇರುವುದಿಲ್ಲ. ಆ ನಂಬರಿನವನು ಬಿಟ್ಟು ಮಿಕ್ಕವರು ಬಾಯಿ ಮುಚ್ಚಬೇಕು. ಅವನು ಉತ್ತರ ಕೊಡುವಾಗ ಡಬ್ಬಿ ಒಂದೊಂದು ಸಲ ತಂತಿಯನ್ನು ಚಿಟಿಕೆಯಷ್ಟು ಎಳೆದು ಬಿಡುತ್ತದೆ. ಅವನೂ ಹಿಡಿದುಕೊಂಡರೆ ಸೊನ್ನೆ, ಬಿಟ್ಟುಬಿಟ್ಟರೆ ಒಂದು. ಹಾಗೆ ಸೊನ್ನೆ ಒಂದು ಸೊನ್ನೆ ಒಂದು ಎಂದು ಶಾಖ ಎಷ್ಟೆಂಬುದನ್ನು ಒಪ್ಪಿಸುತ್ತಾನೆ. ಮಾತು ದಾರಿಯಲ್ಲಿ ಕೆಟ್ಟಿತೋ ಇಲ್ಲವೋ ತಿಳಿಯಲಿ ಎಂದು ಕೊನೆಗೆ ಒಂದು ತಾಳೆ ಸಂಖ್ಯೆಯನ್ನೂ ಸೇರಿಸುತ್ತಾನೆ.

ನಾನು ಕೇಬಲ್ಲಿನ ಸಿಪ್ಪೆ ತೋರಿಸಿ, "ಒಂದೇ ತಂತಿ ಅಂತೀಯ, ಒಳಗೆ ಮೂರು ಬಣ್ಣ ಅವೆ. ಯಾರಿಗೆ ಹೇಳ್ತೀಯ?" ಎಂದು ಕೇಳಿದ್ದೆ. ನೀನು ನಕ್ಕು, "ಮಾತಾಡಕ್ಕೆ ಹಳದಿ ಒಂದೇ ಮಾವ. ಕಪ್ಪು ಎಲ್ಲರಿಗೂ ನೆಲ ಇದ್ದಂಗೆ. ಕೆಂಪು ಅವರ ಊಟಕ್ಕೆ," ಎಂದಿದ್ದೆ. ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದಾಳೆ, ಇವಳ ಮೇಲೆ ಒಂದು ಕಣ್ಣಿರಬೇಕು ಎಂದು ಅವತ್ತು ರಾತ್ರಿ ನಿನ್ನ ಅತ್ತೆಯ ಹತ್ತಿರ ಹೇಳಿದೆ. ಅವಳು ಮಗ್ಗುಲು ಬದಲಿಸಿ, "ನಿಮ್ಮ ಕಣ್ಣಿಗೆ ಒಂದಿನ ರಜ ಕೊಡ್ರಿ," ಎಂದಳು.

ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ನವೆಂಬರಿನಲ್ಲಿ ಚಿತ್ರದುರ್ಗದ ಕಾಲೇಜಿನಿಂದ ನಿನಗೆ ಬಂದ ಲಕೋಟೆಯನ್ನು ಮೊದಲು ಒಡೆದವನು ನಾನು. ಅಂಟು ಹಚ್ಚಿ ಮತ್ತೆ ಮುಚ್ಚಿ ಮೇಜಿನ ಮೇಲಿಟ್ಟೆ. ಲ್ಯಾಬಿನಲ್ಲಿ ಬೋಧಕಿಯ ಕೆಲಸ, ಫೆಬ್ರವರಿ ಹತ್ತರೊಳಗೆ ಸೇರಬೇಕು ಎಂದು ಅದರಲ್ಲಿತ್ತು. ನೀನು ಅದನ್ನು ಓದಿ ಸೀರೆಗಳ ನಡುವೆ ಇಟ್ಟೆ. ಈ ತಂಡದ ಮರಿ ಮುಗಿಯಲಿ, ಆಮೇಲೆ ಮನೆಯಲ್ಲಿ ಮಾತಾಡುತ್ತೇನೆ ಎಂದು ಪ್ರದೀಪನಿಗೆ ಹೇಳಿದ್ದೆಯಂತೆ. ನನಗೆ ಅದು ಗೊತ್ತಿರಲಿಲ್ಲ. ನೀನು ಏನನ್ನೋ ಬಚ್ಚಿಡುತ್ತಿದ್ದೀ ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

ಇನ್ನು ಡಿಸೆಂಬರ್ ಇಪ್ಪತ್ತೊಂಬತ್ತರ ಬೆಳಿಗ್ಗೆ. ಪ್ರದೀಪ ಮೆಕ್ಕೆಜೋಳ ತರಲು ಹೊಳಲ್ಕೆರೆಗೆ ಹೋಗಿ ಅಲ್ಲೇ ಉಳಿದಿದ್ದ. ಆರು ಗಂಟೆಗೆ ನೀರಿನ ಬಟ್ಟಲು ತೊಳೆಯಲು ಬಂದ ಬೊಮ್ಮಕ್ಕ ಕೂಗಿದ್ದಕ್ಕೆ ನಾವೆಲ್ಲ ಓಡಿದೆವು. ಆರುನೂರು ಮರಿಯಲ್ಲಿ ಇನ್ನೂರ ಹದಿನಾಲ್ಕು ಸತ್ತಿದ್ದವು. ನೀನು ಹೊಟ್ಟಿನ ಮೇಲೆ ಮಂಡಿಯೂರಿ, ಸತ್ತವುಗಳ ಕೆಳಗಿನಿಂದ ಉಸಿರಿರುವುದನ್ನು ಒಂದೊಂದಾಗಿ ಎಳೆದು ಸ್ವೆಟರಿನೊಳಗೆ ಹಾಕಿಕೊಳ್ಳುತ್ತಿದ್ದೆ. ಸ್ವೆಟರು ತುಂಬಿದ ಮೇಲೆ ಒಲೆಯ ಹತ್ತಿರ ಓಡಿ ಗೋಣಿಚೀಲದ ಮೇಲೆ ಇಟ್ಟು ಮತ್ತೆ ಬಂದೆ. "ಮಾವ, ಚಳಿಗೆ ಹೋಗ್ಯವೆ ಇವು, ನೀವೂ ಒಂದೀಟು ಹಿಡ್ಕಳ್ರಿ," ಎಂದೆ. ನಾನು ಹಿಡಿಯಲಿಲ್ಲ. ನನ್ನ ಕೈಯಲ್ಲಿ ಫೋನಿತ್ತು. ಡಬ್ಬಿ ಕಳಿಸಿದ ದಾಖಲೆ ಅದರಲ್ಲಿತ್ತು: ಎರಡೂ ಮುಕ್ಕಾಲಿಗೆ ನಲವತ್ತೈದು ಡಿಗ್ರಿ. ಅಲ್ಲಿಂದ ನಿಧಾನವಾಗಿ ನಲವತ್ತು, ಮೂವತ್ತೇಳು, ಆರಕ್ಕೆ ಮೂವತ್ತನಾಲ್ಕು.

ನಾನು ಅದನ್ನು ಹೇಗೆ ಓದಿದೆ ಗೊತ್ತೇ? ಬಲ್ಬು ಉರಿದು ಮರಿ ಬೆಂದಿವೆ. ಆಮೇಲೆ ಯಾರೋ ಎದ್ದು ಬಂದು ಕದ್ದು ಶಾಖ ಇಳಿಸಿದ್ದಾರೆ. ಯಾರೋ ಎಂದರೆ ಮನೆಯಲ್ಲಿ ಡಬ್ಬಿಯ ಮೇಲೆ ಕೈಯಿಡಲು ಬರುವುದು ನಿನಗೊಬ್ಬಳಿಗೇ. ಫೋನನ್ನು ನಿನ್ನ ಮುಖಕ್ಕೆ ಹಿಡಿದೆ. ನೀನು ಆ ಅಂಕಿ ನೋಡಿ ಕಲ್ಲಾದೆ. ಬಸ್ಸಿನಲ್ಲಿ ಟಿಕೆಟ್ ಇಲ್ಲದವರ ಮುಖ ಹಾಗೇ ಆಗುತ್ತಿತ್ತು, ಅದಕ್ಕೆ ನನಗೆ ಬೇರೆ ಸಾಕ್ಷಿ ಬೇಕೆನಿಸಲಿಲ್ಲ. ಬೊಮ್ಮಕ್ಕನ ಎದುರಿಗೆ, ಪಕ್ಕದ ಹೊಲದವರ ಎದುರಿಗೆ ಆ ಮಾತು ಆಡಿದೆ. "ಕೆಲ್ಸಕ್ಕೆ ಹೋಗಾಕೆ ಮರಿ ಅಡ್ಡ ಬಂದ್ವು ಅಂತ ಬೇಯಿಸಿ ಹಾಕಿದ್ಯಾ?" ನಾನು ಬರೆದದ್ದನ್ನು ಈಗ ಮತ್ತೊಮ್ಮೆ ಓದಿದೆ. ಹೌದು, ಇದೇ ಮಾತು. ಒಂದಕ್ಷರವನ್ನೂ ಮೆತ್ತಗೆ ಮಾಡಿಲ್ಲ.

ಹತ್ತು ಗಂಟೆಗೆ ಪ್ರದೀಪ ಬಂದ. ನಾನು ಅಂಗಳದಲ್ಲೇ ತಡೆದು ನನ್ನ ವರದಿ ಒಪ್ಪಿಸಿದೆ. ಅವನು ಒಳಗೆ ಬಂದು ನಿನ್ನನ್ನು ನೋಡಿ "ಹೌದಾ?" ಎಂದ. ಅಷ್ಟೇ. ನೀನು ಒಲೆಯ ಹತ್ತಿರದ ಮರಿಗಳಿಗೆ ಬೆಲ್ಲದ ನೀರು ಕುಡಿಸಿ ಮುಗಿಸಿ, ಕೈ ತೊಳೆದು, ಒಂದು ಬ್ಯಾಗು ಹಿಡಿದು ಹನ್ನೆರಡರ ಬಸ್ಸಿಗೆ ಹೋದೆ. ನೀನು ಒಲೆಯ ಹತ್ತಿರ ಇಟ್ಟ ಎಂಬತ್ತಮೂರರಲ್ಲಿ ಎಪ್ಪತ್ತೊಂಬತ್ತು ಬದುಕಿ, ಮಿಕ್ಕವುಗಳ ಜೊತೆ ಹಳ್ಳಿಯವರಿಗೆ ಹೋದವು. ಇದನ್ನು ನಿನಗೆ ಯಾರೂ ಹೇಳಿರಲಾರರು.

ನೀನು ಹೋದ ಮೇಲೂ ನನ್ನ ಅನುಮಾನ ಸುಮ್ಮನಾಗಲಿಲ್ಲ. ಒಂದು ದಿನ ಬೊಮ್ಮಕ್ಕ ಅಂಗಳದಲ್ಲಿ ಕೂತು ನಿನ್ನ ಅತ್ತೆಗೆ ಹೇಳುತ್ತಿದ್ದಳು, ನನಗೆ ಕೇಳಲಿ ಎಂದೇ ಗಟ್ಟಿಯಾಗಿ: "ಕಾವಿಗೆ ಸಾಯಾ ಮರಿ ದೂರ ದೂರ ಚದ್ರಿ, ಗ್ವಾಡಿಗೆ ಒತ್ಕಂಡು, ಬಾಯಿ ಬಿಟ್ಕಂಡು ಸಾಯ್ತವೆ ಕಣಕ್ಕ. ಇವು ಒಂದ್ರ ಮ್ಯಾಲೊಂದು ಗುಪ್ಪೆ ಬಿದ್ದಿದ್ವು. ಚಳಿಗಲ್ದೆ ಹಂಗೆ ಬೀಳ್ತಾವಾ? ಯಜಮಾನ್ರಿಗೆ ಕಣ್ಣಿಲ್ವಾ?" ನಾನು ಎದ್ದು ಶೆಡ್ಡಿಗೆ ಹೋದೆ. ನೀನು ಸ್ವೆಟರಿನೊಳಗೆ ಮರಿ ತುಂಬಿಕೊಂಡದ್ದು ನೆನಪಾಯಿತು. ಬೆಂದ ಮರಿಗಳನ್ನು ಯಾರಾದರೂ ಒಲೆಯ ಹತ್ತಿರ ಇಡುತ್ತಾರೆಯೇ? ಇಷ್ಟು ಹೊಳೆದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಚಳಿಗೆ ಸತ್ತವೆಂದು ಇವಳಿಗೆ ಅಷ್ಟು ಬೇಗ ಹೇಗೆ ತಿಳಿಯಿತು, ಬಲ್ಬು ಆರಿಸಿದವಳೇ ಇವಳು ಎಂದುಕೊಂಡೆ.

ಮಾರನೆಯ ದಿನ ಬಬ್ಬೂರು ಫಾರಂನಲ್ಲಿ ಹವಾಮಾನ ಬರೆದುಕೊಳ್ಳುವ ಗೋವರ್ಧನನ ಹತ್ತಿರ ಹೋಗಿ ಅವತ್ತಿನ ಮುಂಜಾನೆ ಎಷ್ಟಿತ್ತು ಎಂದು ಕೇಳಿದೆ. ಹನ್ನೆರಡು ಡಿಗ್ರಿ ಎಂದ. ಹೊರಗೆ ಹನ್ನೆರಡು, ನಮ್ಮ ತಗಡಿನ ಶೆಡ್ಡಿನೊಳಗೆ ನಲವತ್ತೈದು. ಮರಿ ಸತ್ತಿರುವುದು ಚಳಿಗೆ. ಹಾಗಾದರೆ ಸುಳ್ಳು ಹೇಳಿದ್ದು ಡಬ್ಬಿ. ಡಬ್ಬಿಗೆ ಸುಳ್ಳು ಹೇಳಲು ಕಲಿಸಿದವರು ಯಾರೆಂದು ಹುಡುಕಲು ನಿನ್ನ ನೋಟ್‌ಬುಕ್ ತೆಗೆದೆ. ಓದಿದ್ದು ನಿನ್ನನ್ನು ಹಿಡಿಯುವುದಕ್ಕೇ ತಾಯಿ, ತಿಳಿಯುವುದಕ್ಕಲ್ಲ. ಮೂವತ್ತೆಂಟನೆಯ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಹೀಗಿತ್ತು: "85 ಬಂದರೆ ಲೆಕ್ಕಕ್ಕೆ ಹಿಡಿಯಬಾರದು. ಪ್ರೋಗ್ರಾಮಿಗೆ ಈ ಸಾಲು ಸೇರಿಸಬೇಕು." ಮಾಡಿ ಮುಗಿಸಿದ ಕೆಲಸಗಳ ಮುಂದೆಲ್ಲ ನೀನು ಗೀಟು ಎಳೆದಿದ್ದೆ. ಅದರ ಮುಂದೆ ಇರಲಿಲ್ಲ. ಸಿಕ್ಕಳು ಎಂದುಕೊಂಡೆ. ಖುಷಿಯಾಯಿತು. ಆ ಖುಷಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಿನ್ನ ಜೊತೆ ಡಿಪ್ಲೊಮಾ ಓದಿದ ಸ್ವಾತಿ ಚಿತ್ರದುರ್ಗದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದಾಳಲ್ಲ, ನೋಟ್‌ಬುಕ್ಕನ್ನೂ ಡಬ್ಬಿಯೊಳಗಿನ ಮೆಮೊರಿ ಕಾರ್ಡನ್ನೂ ಹಿಡಿದು ಅಲ್ಲಿಗೆ ಹೋದೆ. ಯಾರ ಮನೆಯದೆಂದು ಮೊದಲು ಹೇಳಲಿಲ್ಲ. ಅವಳು ನಿನ್ನ ಅಕ್ಷರ ನೋಡಿ ಗುರುತು ಹಿಡಿದು, ಅಲ್ಲಿಂದ ಮುಂದೆ ನನ್ನನ್ನು ಕೂರಲು ಹೇಳಲಿಲ್ಲ. ಕಾರ್ಡಿನಲ್ಲಿ ಸರಾಸರಿಯಲ್ಲದೆ ನಾಲ್ಕರ ಅಂಕಿಯೂ ಬೇರೆಬೇರೆ ಇದ್ದವು. ಎರಡೂ ಮುಕ್ಕಾಲಿಗೆ ಮೂವತ್ತೆರಡು, ಮೂವತ್ತೆರಡು, ಮೂವತ್ತೆರಡು, ಎಂಬತ್ತೈದು. ನಾಲ್ಕೂ ಸೇರಿಸಿ ಭಾಗಿಸಿದರೆ ನಲವತ್ತೈದು. ಡಬ್ಬಿ ಬಲ್ಬುಗಳನ್ನು ಆರಿಸಿತು. ಆಮೇಲೆ ಮೂರು ಸೆನ್ಸರುಗಳು ಇಪ್ಪತ್ತೆಂಟು, ಇಪ್ಪತ್ತೆರಡು, ಹದಿನೇಳು ಎಂದು ಇಳಿಯುತ್ತಾ ಕೂಗಿಕೊಂಡಿವೆ. ನಾಲ್ಕನೆಯದು ಎಂಬತ್ತೈದು ಬಿಟ್ಟು ಕದಲಿಲ್ಲ. ಶೆಡ್ಡು ಹದಿನಾರಕ್ಕೆ ಇಳಿದರೂ ಸರಾಸರಿ ಮೂವತ್ತಮೂರರ ಮೇಲೆಯೇ ಇರುತ್ತದೆ, ಬಲ್ಬು ಹತ್ತುವುದೇ ಇಲ್ಲ ಎಂದು ಸ್ವಾತಿ ಪೇಪರಿನ ಮೇಲೆ ಲೆಕ್ಕ ಮಾಡಿ ತೋರಿಸಿದಳು. ಕದ್ದು ಶಾಖ ಇಳಿಸಿದವರು ಯಾರೂ ಇರಲಿಲ್ಲ. ನಾನು ಕಳ್ಳತನವೆಂದು ಓದಿದ್ದು ಮರಿಗಳು ತಣ್ಣಗಾಗುತ್ತಿದ್ದ ದಾಖಲೆ.

"ನಾಲ್ಕನೇದು ಸುಳ್ಳು ಹೇಳೈತೆ ಅಂದಂಗಾಯ್ತು," ಎಂದೆ. "ಸುಳ್ಳಲ್ಲ ಸರ್," ಎಂದಳು ಸ್ವಾತಿ. "ಎಂಬತ್ತೈದು ಅಂದ್ರೆ ಇನ್ನೂ ಅಳ್ದಿಲ್ಲ ಅಂತ. ಈ ಜಾತಿ ಸೆನ್ಸರು ಕಣ್ಣು ಬಿಟ್ಟಾಗ ಅದರ ಬಾಯಲ್ಲಿ ಇರೋದೇ ಆ ಅಂಕಿ." ಹಾಗಾದರೆ ತಾಳೆ ಸಂಖ್ಯೆ ಏನು ಮಾಡುತ್ತಿತ್ತು, ತಪ್ಪು ಹಿಡಿಯಬಾರದಿತ್ತೇ ಎಂದು ಕೇಳಿದೆ. ಹೇಳಿದ್ದು ಹೇಳಿದ ಹಾಗೆ ಬಂದು ಮುಟ್ಟಿತೇ ಎಂಬುದನ್ನಷ್ಟೇ ಅದು ನೋಡುತ್ತದಂತೆ, ಹೇಳಿದ್ದು ನಿಜವೇ ಎಂದು ನೋಡುವುದಿಲ್ಲವಂತೆ. ಊಟದ ಕೆಂಪು ತಂತಿ ಎಲ್ಲೋ ಕಡಿದಿರಬೇಕು, ನೋಡಿ ಎಂದಳು. ಕೆಂಪು ಕಡಿದರೂ ಸೆನ್ಸರು ಸಾಯುವುದಿಲ್ಲವಂತೆ. ಮಾತಿನ ತಂತಿಯಿಂದಲೇ ಗುಟುಕು ಗುಟುಕು ಕರೆಂಟು ಹೀರಿ ಒಳಗೆ ಕೂಡಿಟ್ಟುಕೊಳ್ಳುತ್ತದೆ. ನಂಬರು ಕೂಗಿದಾಗ ಇದ್ದೇನೆ ಎನ್ನಲು ಅಷ್ಟು ಸಾಕು. ಶಾಖ ಅಳೆಯಲು ಮುಕ್ಕಾಲು ಸೆಕೆಂಡು ಬೇಕು, ಅದಕ್ಕೆ ಶಕ್ತಿ ಸಾಲದೆ ನಡುವೆ ಬಿದ್ದು, ಮತ್ತೆ ಎದ್ದು, ಎಂಬತ್ತೈದು ಎನ್ನುತ್ತದೆ. ಅದಕ್ಕೇ ಡಬ್ಬಿಗೆ ಒಬ್ಬನೂ ಕಡಿಮೆಯಾದಂತೆ ಕಾಣಲಿಲ್ಲ.

ಆ ಪೆನ್ಸಿಲಿನ ಸಾಲನ್ನು ತೋರಿಸಿ ನಾನು ಮತ್ತೆ ಕೇಳಿದೆ, ಗೊತ್ತಿದ್ದೂ ಯಾಕೆ ಸೇರಿಸಲಿಲ್ಲ ಎಂದು. ಸ್ವಾತಿ ನೋಟ್‌ಬುಕ್ ಮುಚ್ಚಿದಳು. "ಸೇರಿಸಬೇಕಿತ್ತು. ನಾವೆಲ್ಲ ಇಂಥದ್ದನ್ನ ನಾಳೆ ಮಾಡಾಣ ಅಂತ ಬಿಡ್ತೀವಿ. ಅದ್ಕೇ ಅವ್ಳು ಬಾಯಿ ಮುಚ್ಕಂಡು ಹೋಗಿರಾದು ಸರ್, ತಾನೇ ಕೊಂದೆ ಅನ್ಕಂಡಿರ್ತಾಳೆ," ಎಂದಳು. ಹಿರಿಯೂರಿನವರೆಗೆ ಕಿಟಕಿ ಪಕ್ಕ ಕೂತು ಬಂದೆ. ಫೋನು ನಿನ್ನ ಮುಖಕ್ಕೆ ಹಿಡಿದಾಗ ನೀನು ಕಲ್ಲಾದದ್ದು ಯಾಕೆಂದು ಆ ಬಸ್ಸಿನಲ್ಲಿ ನನಗೆ ತಿಳಿಯಿತು. ಟಿಕೆಟ್ ಇಲ್ಲದವಳ ಮುಖವಲ್ಲ ಅದು. ಮಾಡಿದ ಕೆಲಸದಲ್ಲಿ ತನ್ನ ತಪ್ಪನ್ನು ತಾನೇ ಕಂಡವಳ ಮುಖ. ನಾನು ಅಂಥ ಮುಖವನ್ನು ಕೆಲಸದಲ್ಲಿದ್ದಾಗ ಹೆಚ್ಚು ನೋಡಿರಲಿಲ್ಲ.

ಮನೆಗೆ ಬಂದು ಪ್ರದೀಪನನ್ನು ಕರೆದು ಕಾರ್ಡು ಹಾಕಿ ಡಬ್ಬಿ ಚಾಲೂ ಮಾಡಿಸಿದೆ. ಸ್ವಾತಿ ಹೇಳಿಕೊಟ್ಟಂತೆ ನಾಲ್ಕರ ಅಂಕಿಯೂ ಬೇರೆಬೇರೆ ಕಾಣುವಂತೆ ಮಾಡಿಕೊಂಡು ಅವನು ಬಾಗಿಲ ಹತ್ತಿರ ಫೋನು ಹಿಡಿದು ನಿಂತ. ನಾನು ಒಂದೊಂದು ಮೂಲೆಗೆ ಹೋಗಿ ಸೆನ್ಸರನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೆ. ಮೊದಲನೆಯದನ್ನು ಹಿಡಿದಾಗ "ಇಪ್ಪತ್ತಾರು, ಇಪ್ಪತ್ತೊಂಬತ್ತು, ಮೂವತ್ತೊಂದು ಆತು ಅಪ್ಪ," ಎಂದು ಕೂಗಿದ. ಉಳಿದ ಮೂರು ಕದಲಲಿಲ್ಲ. ಎರಡನೆಯದು ಹಾಗೇ, ಮೂರನೆಯದೂ ಹಾಗೇ. ಒಂದೇ ತಂತಿಯಲ್ಲಿ ಇದ್ದರೂ ಒಬ್ಬರದು ಒಬ್ಬರಿಗೆ ಸೇರುವುದಿಲ್ಲವೆಂದು ನೀನು ಹೇಳಿದ್ದನ್ನು ನನ್ನ ಕೈಯಿಂದಲೇ ನೋಡಿದೆ. ಬಡಗಣ ಮೂಲೆಯ ನಾಲ್ಕನೆಯದನ್ನು ಎಷ್ಟು ಹಿಡಿದರೂ ಪ್ರದೀಪ ಒಂದೇ ಅಂಕಿ ಹೇಳಿದ. ಆಮೇಲೆ ಕೇಬಲ್ಲು ಹಿಡಿದು ಬೆರಳಿನಿಂದ ತಡಕುತ್ತಾ ಬಂದೆ. ಶೆಡ್ಡಿನ ಬದಿಗೆ ಗಾಳಿ ತಡೆಯಲು ಕಟ್ಟಿದ ಪರದೆಯ ಹಿಂದೆ, ಮರದ ಪಟ್ಟಿಯ ಮೇಲೆ ಒಂದು ಬಿಳಿ ಪ್ಲಾಸ್ಟಿಕ್ ಕ್ಲಿಪ್ಪಿತ್ತು. ಅದರ ಮೊಳೆ ಕೇಬಲ್ಲಿನ ಅಂಚನ್ನು ಸೀಳಿಕೊಂಡು ಪಟ್ಟಿಗೆ ಇಳಿದಿತ್ತು. ಹಳದಿ ಸರಿಯಿತ್ತು, ಕಪ್ಪು ಸರಿಯಿತ್ತು, ಕೆಂಪು ಕಡಿದಿತ್ತು. ಮೊದಲು ಒಂದೆರಡು ಎಳೆ ಉಳಿದಿದ್ದು, ಗಾಳಿಗೆ ಪರದೆ ಅಲ್ಲಾಡಿ ಎರಡೂ ಮುಕ್ಕಾಲಿಗೆ ಅವೂ ಹೋಗಿರಬೇಕು.

ಕೇಬಲ್ಲಿನ ಉದ್ದಕ್ಕೂ ನೀನು ಕಪ್ಪು ಟ್ಯಾಗಿನಿಂದ ಕಟ್ಟಿದ್ದೀ. ಬಿಳಿ ಕ್ಲಿಪ್ಪು ಇದ್ದದ್ದು ಅದೊಂದೇ. ಕೂಡಲೇ ಬಲ್ಬಿನ ವೈರಿಂಗ್ ಮಾಡಿದ ಬಾಲರಾಜುವನ್ನು ಕರೆಸಿ, ನಿಲ್ಲಿಸಿಕೊಂಡು ಕೇಳಿದೆ. "ನಂದಲ್ಲ ಸರ್, ನಾನು ಪೈಪಿನಾಗೆ ಎಳೆಯವ್ನು. ನನ್ನತ್ರ ಬಿಳಿ ಕ್ಲಿಪ್ಪೇ ಇಲ್ಲ," ಎಂದ. ನಾನು ನಂಬದೆ ಅವನ ಚೀಲ ತೆಗೆಸಿ ನೋಡಿದೆ. ಇರಲಿಲ್ಲ. ಅವನು ಚೀಲ ಕಟ್ಟಿಕೊಂಡು, ನಮ್ಮ ಮನೆಯ ಕೆಲಸ ಇನ್ನು ಮಾಡುವುದಿಲ್ಲವೆಂದು ಹೇಳಿ ಹೋದ. ಅದಾದದ್ದು ಜನವರಿ ಇಪ್ಪತ್ತಮೂರಕ್ಕೆ. ಇವತ್ತಿಗೆ ಹನ್ನೆರಡು ದಿನ.

ಕ್ಲಿಪ್ಪಿನ ವಿಷಯ ಇಲ್ಲಿಗೆ ಬಿಡುತ್ತೇನೆ. ಮುಖ್ಯವಾದದ್ದು, ಮರಿ ಸತ್ತದ್ದು ನೀನು ಬಿಟ್ಟ ಒಂದು ಸಾಲಿನಿಂದ ಮಾತ್ರವಲ್ಲ. ಆ ಸಾಲು ಇದ್ದಿದ್ದರೆ ಉಳಿಯುತ್ತಿದ್ದವು, ಅದನ್ನು ನಿನ್ನ ಮುಂದೆ ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ನೀನು ಈ ಕಾಗದದ ಮಿಕ್ಕ ಮಾತನ್ನೂ ನಂಬುವುದಿಲ್ಲ. ಆದರೆ ತಂತಿ ಕಡಿಯದೇ ಇದ್ದಿದ್ದರೆ ಆ ಸಾಲಿನ ಅಗತ್ಯವೇ ಬೀಳುತ್ತಿರಲಿಲ್ಲ. ಇನ್ನು ಕೆಲಸಕ್ಕಾಗಿ ಮರಿ ಕೊಂದಳೆಂಬುದು ನನ್ನ ಬಾಯಲ್ಲಿ ಹುಟ್ಟಿದ ಮಾತು. ಅದಕ್ಕೆ ಬೇರೆ ಆಧಾರ ಯಾವುದೂ ಇರಲಿಲ್ಲ. ಬೊಮ್ಮಕ್ಕನಿಗೂ ಪಕ್ಕದ ಹೊಲದವರಿಗೂ ಅವರವರ ಮನೆಗೇ ಹೋಗಿ ಹಾಗೆಂದು ಹೇಳಿ ಬಂದಿದ್ದೇನೆ. ಬೊಮ್ಮಕ್ಕ, "ನಂಗ್ಯಾಕೆ ಹೇಳ್ತೀರಿ, ಆ ಹುಡುಗಿಗೆ ಹೇಳ್ರಿ," ಎಂದು ಬಾಗಿಲು ಮುಂದಕ್ಕೆ ತಳ್ಳಿದಳು.

ಬಿಟ್ಟುಹೋದ ಆ ಸಾಲನ್ನು ತಾನೇ ಬರೆದುಕೊಡುತ್ತೇನೆ ಎಂದು ಸ್ವಾತಿ ಹೇಳಿದ್ದಳು. ಪ್ರದೀಪ ಬೇಡವೆಂದ. ಬರೆದರೆ ಮೇಘಶ್ರೀಯೇ ಬರೆಯಲಿ, ಇಲ್ಲವೆಂದರೆ ಶೆಡ್ಡು ಹಾಗೇ ಇರಲಿ ಎಂದ. ಅವನು ನನ್ನ ಎದುರಿಗೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ನಿಮ್ಮ ತಂದೆತಾಯಿಗೆ ನನ್ನ ನಮಸ್ಕಾರ ತಿಳಿಸು. ಅವರ ಮಗಳನ್ನು ಹಾಗೆ ಕಳಿಸಿದ್ದಕ್ಕೆ ಬೇರೆಯಾಗಿ ಬಂದು ಅವರ ಕಾಲು ಹಿಡಿಯುತ್ತೇನೆ. ನಿನ್ನ ಅತ್ತೆ ನಿನಗೆ ಒಣಕೆಮ್ಮಿಗೆಂದು ಹಿಪ್ಪಲಿ ಪುಡಿ ಕಟ್ಟಿಟ್ಟಿದ್ದಾಳೆ. ನಾನು ಆಶೀರ್ವಾದ ಮಾಡುವ ಯೋಗ್ಯತೆ ಉಳಿಸಿಕೊಂಡಿದ್ದೇನೋ ಇಲ್ಲವೋ ಗೊತ್ತಿಲ್ಲ. ಆದರೂ ನೀನು ಎಲ್ಲಿದ್ದರೂ ಚೆನ್ನಾಗಿರು ಎಂದು ಬರೆಯದೆ ಕಾಗದ ಮುಗಿಸಲು ಆಗುತ್ತಿಲ್ಲ.

ಇಂತಿ,
ನಿನ್ನ ಮಾವ
ಓಬಳೇಶಪ್ಪ

ವಿ.ಸೂ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಈ ಕಾಗದವನ್ನು ಇದಕ್ಕೆ ಮೊದಲು ಎರಡು ಸಲ ಬರೆದು, ಎರಡು ಸಲವೂ ಇದನ್ನು ಬಿಟ್ಟು, ಹರಿದುಹಾಕಿದೆ. ಆ ಬಿಳಿ ಕ್ಲಿಪ್ಪು ಹೊಡೆದವನು ನಾನೇ. ಡಿಸೆಂಬರ್ ಇಪ್ಪತ್ತೆಂಟರ ಸಂಜೆ ಗಾಳಿ ಜಾಸ್ತಿಯಿತ್ತು, ಪರದೆ ಬಿಗಿದೆ, ಜೋತುಬಿದ್ದ ಕೇಬಲ್ಲು ಪರದೆಗೆ ಸಿಕ್ಕಿಕೊಳ್ಳದಿರಲಿ ಎಂದು ಕ್ಲಿಪ್ಪು ಇಟ್ಟು ಸುತ್ತಿಗೆಯಲ್ಲಿ ಎರಡು ಏಟು ಹಾಕಿದೆ. ನಿನಗೆ ಹೇಳಲಿಲ್ಲ, ಹೇಳಿದರೆ ನಿನ್ನನ್ನು ಕೇಳಿ ಮಾಡಿದಂತಾಗುತ್ತದೆ ಎಂದು. ಬಾಲರಾಜು ಹೋದ ಸಂಜೆ ನನ್ನ ಹಳೆ ಖಾಕಿ ಕೋಟಿನ ಜೇಬಿನಲ್ಲಿ ಉಳಿದ ಕ್ಲಿಪ್ಪುಗಳು ಸಿಕ್ಕವು, ಆಗ ನೆನಪಾಯಿತು. ಅವತ್ತಿನಿಂದ ಹನ್ನೆರಡು ದಿನ ಗೊತ್ತಿದ್ದೂ ಸುಮ್ಮನಿದ್ದೆ, ಎಲ್ಲರ ಜೊತೆ ಕೂತು ಊಟ ಮಾಡಿದೆ. ಇವತ್ತು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಪ್ರದೀಪನಿಗೂ ನಿನ್ನ ಅತ್ತೆಗೂ ಹೇಳಿದೆ. ಅವನು ತಟ್ಟೆ ಬಿಟ್ಟು ಎದ್ದು ಹೋದ, ಇನ್ನೂ ಬಂದಿಲ್ಲ. ಬಾಲರಾಜುವಿನ ಮನೆಗೆ ಸಂಜೆ ಹೋಗುತ್ತೇನೆ. ಕಾಲೇಜಿಗೆ ಹತ್ತನೆಯ ತಾರೀಕಿನೊಳಗೆ ಸೇರು, ಎಲ್ಲಿಂದ ಹೋಗುತ್ತೀಯೋ ಅದು ನಿನ್ನಿಷ್ಟ. ನನ್ನನ್ನು ಕ್ಷಮಿಸಬೇಕಾಗಿಲ್ಲ. ಆದರೆ ಪ್ರದೀಪ ಅವತ್ತು "ಹೌದಾ" ಎಂದು ಕೇಳಿದ್ದು ನಾನು ಅಂಗಳದಲ್ಲಿ ತಡೆದು ಹೇಳಿದ್ದಕ್ಕೆ. ಅವನ ಫೋನು ಎತ್ತು ಮೇಘಾ.